ಸೋರೆ ಬುರುಡೆಯ ಅಚ್ಚು, ಜಾಲಿ ತೊಗಟೆಯ ಕಪ್ಪು: ಮನೆಪಾಠಕ್ಕಾಗಿ ಘಾನಾದ ಅಡಿಂಕ್ರ ಬಟ್ಟೆ ಮಾಡಿದ ವಿವರ

ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿರುವ ನಮ್ಮ ಇಬ್ಬರು ಮಕ್ಕಳಿಗೆ, ಎಂದರೆ 11 ವರ್ಷದ ಮಗಳಿಗೂ 8 ವರ್ಷದ ಮಗನಿಗೂ, ಈ ಸಲದ ಇತಿಹಾಸ ಭೂಗೋಳಕ್ಕೆ ಪಶ್ಚಿಮ ಆಫ್ರಿಕಾದ ಘಾನಾ ದೇಶವನ್ನು ಆರಿಸಿಕೊಂಡು, ಅಲ್ಲಿನ ಅಸಾಂಟೆ ಜನರ ಅಡಿಂಕ್ರ ಎಂಬ ಅಚ್ಚಿನ ಬಟ್ಟೆಯನ್ನು ಸುಮಾರು 180 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲಕ್ಕೆ ಕೈಯಾರೆ ಮಾಡಿ ಮುಗಿಸಿದೆವು. ಅಂಗಡಿಯಲ್ಲಿ ಸಿಗುವ ಕರಕುಶಲ ಪೊಟ್ಟಣಗಳಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳಿರುವ ಒಂದು ಖಂಡವೇ ಒಂದು ದೇಶವೆಂಬಂತೆ ಮುಖವಾಡ, ಸಿಂಹ ಮತ್ತು ಡೋಲುಗಳ ಚಿತ್ರಗಳಿರುತ್ತವೆ. ಅವಕ್ಕೆ ಬಣ್ಣ ತುಂಬಿದ ಮಗುವಿಗೆ ಬಣ್ಣ ತುಂಬುವುದಷ್ಟೇ ಬರುತ್ತದೆ. ಒಂದು ನಾಡಿನ ಒಂದೇ ವಸ್ತುವನ್ನು ಹಿಡಿದು, ಅದನ್ನು ಅಲ್ಲಿಯವರು ಯಾವ ಕಾಯಿಯಿಂದ, ಯಾವ ತೊಗಟೆಯಿಂದ, ಯಾವ ಕ್ರಮದಲ್ಲಿ ಮಾಡುತ್ತಾರೋ ಸಾಧ್ಯವಾದಷ್ಟು ಹಾಗೆಯೇ ಮಾಡಿದರೆ ಆ ನಾಡಿನ ಗಿಡಮರಗಳೂ ಚರಿತ್ರೆಯೂ ತಾವಾಗಿ ಪಾಠದೊಳಗೆ ಬರುತ್ತವೆ ಎಂಬ ನಂಬಿಕೆಯಿಂದ ಈ ಕೆಲಸಕ್ಕೆ ಕೈಹಾಕಿದೆವು. ಧಾರವಾಡದಂಥ ಊರಿನಲ್ಲಿ ಇದನ್ನು ಮಾಡಬಯಸುವ ಬೇರೆ ತಂದೆತಾಯಂದಿರಿಗೆ ಉಪಯೋಗವಾಗಲೆಂದು ಅಳತೆ, ಖರ್ಚು ಮತ್ತು ಕೆಟ್ಟುಹೋದ ಪ್ರಯತ್ನಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಹಂತ 1: ನಕಾಶೆ, ಮತ್ತು ಬಟ್ಟೆಯ ಬಣ್ಣದ ನಿರ್ಧಾರ

ಮೊದಲು ಮಕ್ಕಳು ಘಾನಾದ ನಕಾಶೆಯನ್ನು ದೊಡ್ಡ ಹಾಳೆಯ ಮೇಲೆ ಬರೆದು, ಅಕ್ರಾ, ಟೆಮಾ, ಕುಮಾಸಿ, ವೋಲ್ಟಾ ಸರೋವರ ಮತ್ತು ಕುಮಾಸಿಯ ಉತ್ತರಕ್ಕಿರುವ ಎನ್‌ಟೊನ್ಸೊ ಊರನ್ನು ಗುರುತಿಸಿದರು. ಅಡಿಂಕ್ರ ಅಚ್ಚಿನ ಕೆಲಸ ಇಂದಿಗೂ ನಡೆಯುತ್ತಿರುವುದು ಎನ್‌ಟೊನ್ಸೊದಲ್ಲಿ. ಟೆಮಾ ಬಂದರಿನ ಮೇಲೆ ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವುದರಿಂದ ಅಲ್ಲಿಗೂ ನಮಗೂ ಐದೂವರೆ ಗಂಟೆಯ ಅಂತರವಿದೆ. ಇಲ್ಲಿ ಹತ್ತೂವರೆಗೆ ನಾವು ಪಾಠಕ್ಕೆ ಕೂರುವಾಗ ಅಲ್ಲಿ ಬೆಳಗಿನ ಐದು ಗಂಟೆ ಎಂಬ ಲೆಕ್ಕವನ್ನು ಮಗ ಆಮೇಲೆ ಪ್ರತಿದಿನವೂ ಹೇಳತೊಡಗಿದನು.

ಈ ಬಟ್ಟೆ ಮೂಲತಃ ಶೋಕದ ಉಡುಗೆ. ಇಟ್ಟಿಗೆಗೆಂಪು ಅಥವಾ ಕಪ್ಪು ಬಣ್ಣದಲ್ಲಿ ಅದ್ದಿದ ಬಟ್ಟೆಯ ಮೇಲೆ ಕಪ್ಪು ಅಚ್ಚು ಒತ್ತಿ, ಸಾವಿನ ಸಂದರ್ಭದಲ್ಲಿ ಅದನ್ನು ಹೊದೆಯುತ್ತಾರೆ. ಇದನ್ನು ಕೇಳಿದ ನಮ್ಮ ಅತ್ತೆಯವರು "ಅಂಥಾದ್ದನ್ನು ಮಕ್ಕಳ ಕೈಯಿಂದ ಮನೆಯಲ್ಲಿ ಮಾಡಿಸಬೇಡವ್ವಾ" ಎಂದರು. ಅವರ ಮಾತನ್ನು ತಳ್ಳಿಹಾಕುವುದು ನನಗೆ ಸರಿಯೆನಿಸಲಿಲ್ಲ, ಏಕೆಂದರೆ ಆ ಬಣ್ಣಗಳಿಗೆ ಅಸಾಂಟೆ ಜನರು ಕೊಡುವ ಗಾಂಭೀರ್ಯವನ್ನೇ ಅವರೂ ಕೊಡುತ್ತಿದ್ದರು. ಬಿಳಿ ಅಥವಾ ಉಜ್ವಲ ಬಣ್ಣದ ಬಟ್ಟೆಯ ಮೇಲೆ ಒತ್ತಿ ಸಂತೋಷದ ದಿನಗಳಲ್ಲಿ ಉಡುವ ಬಗೆಯೂ ಅಲ್ಲಿ ಉಂಟು. ಅದನ್ನು ಕ್ವಾಸಿಯಾಡ ಅಡಿಂಕ್ರ, ಎಂದರೆ ಭಾನುವಾರದ ಅಡಿಂಕ್ರ ಎನ್ನುತ್ತಾರೆ. ಹೀಗಾಗಿ ಬಣ್ಣ ಹಾಕದ ಬಿಳಿ ಖಾದಿಯ ಮೇಲೆಯೇ ಒತ್ತುವುದೆಂದು ನಿಶ್ಚಯವಾಯಿತು. ಧಾರವಾಡದ ಪಕ್ಕದ ಗರಗ ಗ್ರಾಮ ರಾಷ್ಟ್ರಧ್ವಜದ ಖಾದಿಗೆ ಹೆಸರಾಗಿರುವುದರಿಂದ ಒಳ್ಳೆಯ ಕೈಮಗ್ಗದ ಬಟ್ಟೆಗಾಗಿ ದೂರ ಹೋಗಬೇಕಾಗಲಿಲ್ಲ. ಬಟ್ಟೆ 2 ಮೀಟರ್ ತಂದು, ಗಂಜಿ ಬಿಡುವಂತೆ ಒಂದು ಗಂಟೆ ಕುದಿಸಿ ಒಣಗಿಸಿದೆವು. ಕುದಿಸಿದ ಬಟ್ಟೆ ಕುಗ್ಗುತ್ತದೆ, ಆದ್ದರಿಂದ ಅಂತಿಮ ಅಳತೆಗಿಂತ ಹೆಚ್ಚೇ ತರಬೇಕು.

ಹಂತ 2: ಕಬ್ಬಿಣದ ನೀರು

ತೊಗಟೆಯ ಬಣ್ಣವನ್ನು ಕಪ್ಪಾಗಿಸುವ ಈ ನೀರನ್ನು ಎಲ್ಲಕ್ಕಿಂತ ಮೊದಲು ಶುರುಮಾಡಬೇಕು, ಏಕೆಂದರೆ ಇದಕ್ಕೆ ಮೂರು ವಾರ ಬೇಕು. ಎನ್‌ಟೊನ್ಸೊದಲ್ಲಿ ಬಡಿಯೆ ಎಂಬ ಮರದ ತೊಗಟೆಯನ್ನು ನೆನೆಸಿ, ಒರಳಿನಲ್ಲಿ ಕುಟ್ಟಿ, ಗಂಟೆಗಟ್ಟಲೆ ಕುದಿಸಿ, ಸೋಸಿ, ಮತ್ತೆ ಕುದಿಸಿ ಬಣ್ಣ ತೆಗೆಯುತ್ತಾರೆ; ಹಳೆಯ ಪದ್ಧತಿಯಲ್ಲಿ ತೊಗಟೆಯ ಜೊತೆಗೆ ಕಬ್ಬಿಣದ ಕಿಟ್ಟವನ್ನೂ ಹಾಕುತ್ತಿದ್ದರು. ನಮಗೆ ಕಿಟ್ಟ ಸಿಗಲಿಲ್ಲ. ಶ್ರೀಕಾಳಹಸ್ತಿಯ ಕಲಂಕಾರಿಯವರು ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣವನ್ನು ಕೊಳೆಹಾಕಿ ಕಪ್ಪಿಗೆ ಬೇಕಾದ ದ್ರವವನ್ನು ತೆಗೆಯುವುದು ಗೊತ್ತಿದ್ದರಿಂದ ಆ ದಾರಿಯನ್ನೇ ಹಿಡಿದೆವು.

ಹಳೆಯ ಮೊಳೆ ಮತ್ತು ಎತ್ತಿನ ಲಾಳಗಳು ಸೇರಿ ಅರ್ಧ ಕೆ.ಜಿ., ಕುಟ್ಟಿದ ಬೆಲ್ಲ 100 ಗ್ರಾಂ, ನೀರು ಒಂದೂವರೆ ಲೀಟರ್, ಇಷ್ಟನ್ನು ಮಣ್ಣಿನ ಮಡಕೆಗೆ ಹಾಕಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ ಹಿತ್ತಲಿನಲ್ಲಿ ಇಟ್ಟೆವು. ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು, ಒಳಗೆ ಗಾಳಿ ಹುಟ್ಟುತ್ತದೆ. ಮೊದಲ ವಾರ ನೊರೆ ಬಂದಿತು, ಎರಡನೆಯ ವಾರ ಹುಳಿ ವಾಸನೆ ಬಂದಿತು, ಮೂರನೆಯ ವಾರದ ಕೊನೆಗೆ ನೊರೆ ಇಳಿದು ಕಂದು ಹಳದಿ ನೀರು ನಿಂತಿತು. ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಚೂರಿನ ಮೇಲೆ ಒಂದು ಹನಿ ಬಿಟ್ಟಾಗ ಅದು ಕ್ಷಣದಲ್ಲಿ ಕಪ್ಪಾದರೆ ನೀರು ಸಿದ್ಧವಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ಮಕ್ಕಳೇ ಮಾಡಿದರು.

ಹಂತ 3: ಬುರುಡೆ ಮತ್ತು ಅಚ್ಚು

ಅಡಿಂಕ್ರ ಅಚ್ಚನ್ನು ಮರದಲ್ಲಿ ಕೆತ್ತುವುದಿಲ್ಲ, ಒಣಗಿದ ಸೋರೆ ಬುರುಡೆಯ ಚೂರಿನಲ್ಲಿ ಕೆತ್ತುತ್ತಾರೆ. ಅವರ ಬುರುಡೆಯೂ ನಮ್ಮ ಹಿತ್ತಲಿನ ಸೋರೆಯೂ ಒಂದೇ ಜಾತಿಯ ಬಳ್ಳಿ. ಹಳ್ಳಿಯಿಂದ ಬೀಜ ತುಂಬಿಡುವ ಬುರುಡೆಯೊಂದನ್ನು ₹50 ಕೊಟ್ಟು ತಂದು ಗರಗಸದ ಅಲಗಿನಿಂದ ಕತ್ತರಿಸಿದಾಗ ಅದರ ದಪ್ಪ ಬರೀ 3 ಮಿ.ಮೀ. ಇತ್ತು. ಅಚ್ಚಿನ ಗೆರೆ ಎದ್ದುನಿಲ್ಲಬೇಕಾದರೆ ಸುತ್ತಲಿನ ಭಾಗವನ್ನು 3 ಮಿ.ಮೀ. ಆದರೂ ತೋಡಬೇಕು, ತೋಡಿದಲ್ಲೆಲ್ಲ ತೂತಾಯಿತು, ಉಳಿದದ್ದು ಒತ್ತಿದೊಡನೆ ಸೀಳಿತು. ಆ ಬುರುಡೆಯಿಂದ ಒಂದು ಅಚ್ಚೂ ಆಗಲಿಲ್ಲ.

ಪರಿಹಾರ ನಮ್ಮ ಊರಿನ ಸಂಗೀತದಿಂದ ಬಂದಿತು. ತಂಬೂರಿ ದುರಸ್ತಿ ಮಾಡುವ ಹಿರಿಯರೊಬ್ಬರ ಬಳಿ ಬಿರುಕು ಬಿಟ್ಟು ಮೂಲೆಗೆ ಸೇರಿದ್ದ ತಂಬೂರಿಯ ಬುರುಡೆಯೊಂದಿತ್ತು. ವಾದ್ಯಕ್ಕೆಂದು ಆರಿಸಿದ ಬುರುಡೆಯಾದ್ದರಿಂದ ಅದರ ಕೆಳಭಾಗ 7 ರಿಂದ 8 ಮಿ.ಮೀ. ದಪ್ಪವಿತ್ತು. ₹100 ಕೊಟ್ಟು ಅದರ ಚೂರುಗಳನ್ನು ತಂದೆವು. ಅಚ್ಚು ಮಾಡುವವರಿಗೆ ನನ್ನ ಖಚಿತವಾದ ಸಲಹೆ ಏನೆಂದರೆ, 6 ಮಿ.ಮೀ.ಗಿಂತ ತೆಳುವಾದ ಬುರುಡೆಗೆ ಹಣ ಕೊಡಬೇಡಿ.

ಒಣ ಚೂರನ್ನು ನೇರವಾಗಿ ಕೆತ್ತಿದರೆ ಅಂಚು ಪುಡಿಯಾಗುತ್ತದೆ. ಎರಡು ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಹೊರಮೈಯ ಹೊಳಪಿನ ಪದರವನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆದ ಮೇಲೆ ಅಚ್ಚು ಕೆತ್ತುವ ಸಣ್ಣ ಉಳಿಯಾದ ಲಿನೋ ಕಟ್ಟರಿನ ಅಲಗು ಸಲೀಸಾಗಿ ಓಡಿತು. ಪ್ರತಿ ಚೂರೂ 6 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ. ಕೆತ್ತುವ ಕೆಲಸ ಮಗಳದು ಮತ್ತು ನನ್ನದು; ಹೊರಮೈ ಉಬ್ಬಾಗಿರುವುದರಿಂದ ಅಲಗು ಜಾರುವ ಸಂಭವ ಹೆಚ್ಚು, ಆದ್ದರಿಂದ ಮಗನ ಕೈಗೆ ಕಟ್ಟರನ್ನು ಕೊಡಲಿಲ್ಲ. ಚೂರನ್ನು ಕೈಯಲ್ಲಿ ಹಿಡಿಯದೆ, ಒದ್ದೆ ಗೋಣಿಯ ಮೇಲೆ ಮಣೆಗೆ ಒತ್ತಿ ಹಿಡಿದು, ಅಲಗನ್ನು ಯಾವಾಗಲೂ ಮೈಯಿಂದ ಆಚೆಗೆ ನೂಕಬೇಕು.

ನಾಲ್ಕು ಚಿಹ್ನೆಗಳನ್ನು ಮಕ್ಕಳು ಆರಿಸಿದರು. ಮೇಲಿನಿಂದ ನೋಡಿದ ಟಗರಿನ ಕೊಂಬುಗಳಂತೆ ನಾಲ್ಕು ಸುರುಳಿಗಳಿರುವ ಡ್ವೆನ್ನಿಮೆನ್ ಬಲ ಮತ್ತು ವಿನಯ ಎರಡನ್ನೂ ಹೇಳುತ್ತದೆ. ಜರೀಗಿಡದ ಎಲೆಯ ಆಯ ತಾಳಿಕೆಯ ಗುರುತು. ನ್ಸೊರೊಮಾ ಎಂಬುದು ನಕ್ಷತ್ರ. ನಾಲ್ಕನೆಯದು ಒಂದೇ ಹೊಟ್ಟೆಯನ್ನು ಹಂಚಿಕೊಂಡ ಎರಡು ಮೊಸಳೆಗಳು, ಫುಂಟುನ್‌ಫುನೆಫು ಡೆಂಕ್ಯೆಮ್‌ಫುನೆಫು. ಹೊಟ್ಟೆ ಒಂದೇ ಆಗಿದ್ದರೂ ತಿನ್ನುವಾಗ ಜಗಳವಾಡುವ ಈ ಮೊಸಳೆಗಳು ಒಗ್ಗಟ್ಟಿನ ಪಾಠ ಹೇಳುತ್ತವೆ. ಎರಡು ತಲೆ, ಒಂದು ಹೊಟ್ಟೆಯ ಹಕ್ಕಿಯ ಪಂಚತಂತ್ರದ ಕತೆಯನ್ನೂ ಗಂಡಭೇರುಂಡದ ಲಾಂಛನವನ್ನೂ ಬಲ್ಲ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿ ಮೊಸಳೆ ನೋಡಿದ್ದ ಮಗ ಅವುಗಳಿಗೆ ಬೆರಳುಗಳೂ ಹಲ್ಲುಗಳೂ ಬೇಕೆಂದು ಹಟಹಿಡಿದನು. ಹಾಗೆ ಕೆತ್ತಿದ ಅಚ್ಚಿನಲ್ಲಿ 2 ಮಿ.ಮೀ.ಗಿಂತ ಸಣ್ಣದಾಗಿದ್ದ ಗೆರೆಗಳೆಲ್ಲ ಮುರಿದುಬಿದ್ದವು. ಗುಣಿಸುವ ಚಿಹ್ನೆಯಂತೆ ಒಂದನ್ನೊಂದು ಅಡ್ಡಹಾಯುವ ಎರಡು ದೇಹ, ನಡುವೆ ದುಂಡಗಿನ ಹೊಟ್ಟೆ, ಮೊಂಡು ಕಾಲುಗಳು, ಇಷ್ಟಕ್ಕೇ ಇಳಿಸಿದ ಮೇಲೆ ಗಟ್ಟಿಯಾದ ಅಚ್ಚು ಸಿಕ್ಕಿತು. ಘಾನಾದ ಅಚ್ಚುಗಳು ಅಷ್ಟು ಸರಳವಾಗಿರುವುದಕ್ಕೆ ಬುರುಡೆಯೂ ಒಂದು ಕಾರಣವಿರಬೇಕೆಂದು ಮಗಳು ಆಗ ತಾನೇ ಊಹಿಸಿದಳು. ಪುಸ್ತಕದ ಮುಂದೆ ಕೂರಿಸಿದ್ದರೆ ಅವಳಿಂದ ಆ ಮಾತು ಬರುತ್ತಿರಲಿಲ್ಲ.

ಹಿಡಿಗೆ ಮೇದಾರ ಓಣಿಯಿಂದ ಬಿದಿರ ಸೀಳು ತಂದೆವು. ಚೂರಿನ ಒಳಮೈಗೆ ಮೂರು ಸಣ್ಣ ಕುಳಿಗಳನ್ನು ತೋಡಿ, 10 ಸೆಂ.ಮೀ. ಉದ್ದದ ಮೂರು ಸೀಳುಗಳನ್ನು ಅಂಟಿನೊಡನೆ ನೆಟ್ಟು, ಮೇಲ್ತುದಿಗಳನ್ನು ಒಟ್ಟುಗೂಡಿಸಿ ಸೆಣಬಿನ ದಾರದಿಂದ ಬಿಗಿಯಾಗಿ ಸುತ್ತಿದನು ಮಗ. ಅಂಟು ಪೂರ್ತಿ ಒಣಗದೆ ಅಚ್ಚನ್ನು ಮುಟ್ಟಬಾರದು.

ಹಂತ 4: ತೊಗಟೆಯ ಬಣ್ಣ

ಬಡಿಯೆ ಮರ ಯಾವ ಕುಲಕ್ಕೆ ಸೇರಿದೆಯೋ ಅದೇ ಕುಲದ ಇನ್ನೊಂದು ಮರ ಪಶ್ಚಿಮ ಘಟ್ಟದ ಕಾಡುಗಳಲ್ಲಿದೆ. ಆದರೆ ಪಾಠಕ್ಕೆಂದು ಕಾಡಿನ ಮರದ ತೊಗಟೆ ಸುಲಿಯುವುದು ತಪ್ಪು. ಚರ್ಮ ಹದಮಾಡಲು ಬಳಕೆಯಲ್ಲಿದ್ದ ಕರಿಜಾಲಿಯ ತೊಗಟೆಯಲ್ಲಿ ಒಗರು ಧಾರಾಳವಾಗಿರುವುದರಿಂದ, ಕಟ್ಟಿಗೆ ಅಡ್ಡೆಯಲ್ಲಿ ಸೌದೆಗೆಂದು ಕಡಿದ ಜಾಲಿಯಿಂದ ಬಿಚ್ಚಿದ ತೊಗಟೆ 2 ಕೆ.ಜಿ. ತಂದೆವು.

ಒಂದು ಕೆ.ಜಿ. ತೊಗಟೆಯನ್ನು 5 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಒರಳಿನಲ್ಲಿ ನಾರುನಾರಾಗುವಂತೆ ಕುಟ್ಟಿ, ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಮೂರು ಗಂಟೆ ಕುದಿಸಿ, ಒಂದು ಲೀಟರಿಗೆ ಇಳಿಸಿದೆವು. ಸೋಸಿದ ಮೇಲೆ ಸಣ್ಣ ಉರಿಯಲ್ಲಿ ಕಾಲು ಲೀಟರ್ ಆಗುವವರೆಗೆ ಮತ್ತೆ ಕಾಯಿಸಬೇಕು. ಕೊನೆಯ ಅರ್ಧ ಗಂಟೆ ಕೈಬಿಡದೆ ತಿರುವದಿದ್ದರೆ ತಳ ಹಿಡಿಯುತ್ತದೆ, ತಳ ಹಿಡಿದ ಬಣ್ಣದಲ್ಲಿ ಕರಕಲು ಕಣಗಳು ಉಳಿದು ಅಚ್ಚಿನ ಸಂದುಗಳಲ್ಲಿ ಸೇರಿಕೊಳ್ಳುತ್ತವೆ.

ಮೊದಲ ಸಲದ ಬಣ್ಣವನ್ನು ಏನೂ ಸೇರಿಸದೆ ಒತ್ತಿ ನೋಡಿದಾಗ ಅದು ತಿಳಿ ಕಂದಾಗಿ ಮೂಡಿ, ಖಾದಿಯ ನೂಲಿನುದ್ದಕ್ಕೂ ಹರಡಿ, ನಕ್ಷತ್ರ ಯಾವುದು, ಜರೀಗಿಡ ಯಾವುದು ಎಂದು ತಿಳಿಯದಂತಾಯಿತು. ಅದೇ ಬಣ್ಣಕ್ಕೆ ಕಬ್ಬಿಣದ ನೀರನ್ನು ಒಮ್ಮೆಲೇ ಸುರಿದಾಗ ಬಣ್ಣವೇನೋ ಕಪ್ಪಾಯಿತು, ಆದರೆ ಒಡೆದ ಹಾಲಿನಂತೆ ಗಸಿ ಬೇರೆಯಾಗಿ ತಳಕ್ಕೆ ಕೂತಿತು. ಆ ಬಣ್ಣ ಪೂರ್ತಿ ವ್ಯರ್ಥವಾಯಿತು.

ಎರಡನೆಯ ಕೆ.ಜಿ. ತೊಗಟೆಯಿಂದ ತೆಗೆದ ಕಾಲು ಲೀಟರ್ ಬಣ್ಣ ಬಿಸಿಯಿರುವಾಗಲೇ, ಗ್ರಂಥಿಗೆ ಅಂಗಡಿಯಿಂದ ತಂದ ಜಾಲಿ ಗೋಂದು 30 ಗ್ರಾಂ ಪುಡಿಮಾಡಿ ಕರಗಿಸಿ, ಆಮೇಲೆ ಬಟ್ಟೆಯಲ್ಲಿ ಸೋಸಿದ ಕಬ್ಬಿಣದ ನೀರನ್ನು ಚಮಚ ಚಮಚವಾಗಿ ಸೇರಿಸುತ್ತ ತಿರುವಿದೆವು. ಸುಮಾರು 60 ಮಿ.ಲೀ. ಆಗುವಷ್ಟರಲ್ಲಿ ಬಣ್ಣ ಗಾಢ ಕಪ್ಪಾಗಿ, ಕಾಕಂಬಿಯ ಹದಕ್ಕೆ ಬಂದಿತು. ಅಲ್ಲಿಗೆ ನಿಲ್ಲಿಸಬೇಕು, ಹೆಚ್ಚು ಕಬ್ಬಿಣ ಹಾಕಿದರೆ ಕಪ್ಪು ಹೆಚ್ಚುವುದಿಲ್ಲ, ವರ್ಷಗಳು ಕಳೆದಂತೆ ನೂಲು ಮಾತ್ರ ಜೀರ್ಣವಾಗುತ್ತದೆ. ಗೋಂದು ಮೊದಲು, ಕಬ್ಬಿಣ ಆಮೇಲೆ: ಈ ಕ್ರಮ ತಪ್ಪಿದರೆ ಮತ್ತೆ ಗಸಿ ಕಟ್ಟುತ್ತದೆ. ಒಂದು ರಾತ್ರಿ ಇಟ್ಟು ಒತ್ತಿದಾಗ ಗೆರೆಯ ಅಂಚು ಚೊಕ್ಕಟವಾಗಿ ನಿಂತಿತು. ಈ ಬಣ್ಣ ನಮ್ಮ ಹೊಂದಾಣಿಕೆಯದೇ ಹೊರತು ಎನ್‌ಟೊನ್ಸೊದ್ದಲ್ಲ ಎಂಬುದನ್ನು ಮಕ್ಕಳ ಟಿಪ್ಪಣಿ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಸಿದ್ದೇನೆ.

ಹಂತ 5: ಒತ್ತುವುದು

ಬಟ್ಟೆಯನ್ನು ಉದ್ದಕ್ಕೆ ಸೀಳಿ 45 ಸೆಂ.ಮೀ. ಅಗಲದ ಎರಡು ಪಟ್ಟಿ ಮಾಡಿದೆವು. ನೆಲದ ಮೇಲೆ ಕಂಬಳಿಯನ್ನು ಮೂರು ಪದರ ಮಡಚಿ ಹಾಸಿ, ಅದರ ಮೇಲೆ ಪಟ್ಟಿಯನ್ನು ಬಿಗಿಯಾಗಿ ಎಳೆದು ಗುಂಡುಪಿನ್ನುಗಳಿಂದ ಸಿಕ್ಕಿಸಿದೆವು. ಕೆಳಗೆ ಮೆತ್ತೆ ಬೇಕೇ ಬೇಕು, ಏಕೆಂದರೆ ಅಚ್ಚಿನ ಮುಖ ಉಬ್ಬಾಗಿದೆ. ಗಟ್ಟಿ ಮೇಜಿನ ಮೇಲೆ ಒತ್ತಿದರೆ ನಡುಭಾಗ ಮಾತ್ರ ಮೂಡುತ್ತದೆ. ಅಚ್ಚನ್ನು ಇಟ್ಟು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಮೆಲ್ಲನೆ ಉರುಳಿಸಬೇಕು.

ಘಾನಾದಲ್ಲಿ ಮೊದಲು ಮರದ ಬಾಚಣಿಗೆಯನ್ನು ಬಣ್ಣದಲ್ಲಿ ಅದ್ದಿ ಬಟ್ಟೆಯ ಮೇಲೆ ಸಮಾನಾಂತರ ಗೆರೆಗಳನ್ನು ಎಳೆದು ಚೌಕಗಳನ್ನು ಮಾಡಿಕೊಂಡು, ಒಂದೊಂದು ಚೌಕದಲ್ಲಿ ಒಂದೊಂದು ಚಿಹ್ನೆಯನ್ನು ತುಂಬುತ್ತಾರೆ. ಬಿದಿರಿನಲ್ಲಿ ಐದು ಹಲ್ಲಿನ, 3 ಸೆಂ.ಮೀ. ಅಗಲದ ಬಾಚಣಿಗೆ ಕೊರೆದು, ಹಲ್ಲುಗಳ ತುದಿಯನ್ನು ಜಜ್ಜಿ ಕುಂಚದಂತೆ ಮಾಡಿದ ಮೇಲೆ ಬಣ್ಣ ಸಮನಾಗಿ ಇಳಿಯಿತು. ಮನೆಯ ಪ್ಲಾಸ್ಟಿಕ್ ಬಾಚಣಿಗೆ ಬಣ್ಣವನ್ನು ಹಿಡಿಯದೆ ಮೊದಲ ಅಂಗುಲದಲ್ಲೇ ಹನಿ ಚೆಲ್ಲಿತು. 30 ಸೆಂ.ಮೀ.ಗೆ ಒಂದರಂತೆ ಅಡ್ಡಗೆರೆ ಎಳೆದಾಗ ಎರಡೂ ಪಟ್ಟಿಗಳಿಂದ ಒಟ್ಟು 12 ಚೌಕಗಳಾದವು. ಒಂದು ಚೌಕಕ್ಕೆ ಆರು ಸಾಲು, ಸಾಲಿಗೆ ನಾಲ್ಕು, ಹೀಗೆ 24 ಅಚ್ಚು. ಎಲ್ಲ ಸೇರಿ 288 ಆಗುತ್ತದೆಂಬ ಲೆಕ್ಕವನ್ನು ಮಕ್ಕಳು ಮೊದಲೇ ಮಾಡಿ, ಬಣ್ಣ ಸಾಲುವುದೇ ಎಂದು ಪರೀಕ್ಷಾ ಚೂರಿನಲ್ಲಿ ಅಳೆದುಕೊಂಡರು.

ಅಚ್ಚನ್ನು ಬಟ್ಟಲಿನಲ್ಲಿ ನೇರವಾಗಿ ಅದ್ದಿ ಕೊಡವುವ ಅಲ್ಲಿನ ಕೈಚಳಕ ಮಕ್ಕಳಿಗೆ ಬರಲಿಲ್ಲ. ಹನಿ ಬಿದ್ದು ಒಂದು ಚೌಕದ ಮೂಲೆ ಕೆಟ್ಟಿತು. ತಟ್ಟೆಯಲ್ಲಿ ನಾಲ್ಕು ಪದರ ಹತ್ತಿ ಬಟ್ಟೆ ಹಾಸಿ ಬಣ್ಣ ಹೀರಿಸಿ, ಅದರ ಮೇಲೆ ಅಚ್ಚನ್ನು ಒತ್ತಿ ತೆಗೆದಾಗ ಸಮಸ್ಯೆ ತೀರಿತು. ಬುರುಡೆ ಬಣ್ಣದ ನೀರನ್ನು ಹೀರಿ ಮೆತ್ತಗಾಗುವುದರಿಂದ ಒಂದು ಚೌಕ ಮುಗಿದ ಕೂಡಲೇ ಅಚ್ಚನ್ನು ಒರೆಸಿ ನೆರಳಿನಲ್ಲಿ ಆರಲು ಬಿಟ್ಟು, ಬೇರೆ ಅಚ್ಚನ್ನು ಕೈಗೆತ್ತಿಕೊಳ್ಳಬೇಕು. ಬಿಸಿಲಿಗಿಟ್ಟ ನಕ್ಷತ್ರದ ಅಚ್ಚು ಸೊಟ್ಟಗಾಯಿತು, ಅದನ್ನು ಹೊಸದಾಗಿ ಕೆತ್ತಬೇಕಾಯಿತು.

ಚರಿತ್ರೆಯ ಪಾಠ ನಡೆದದ್ದು ಈ ಹಂತದಲ್ಲೇ, ಕೈಗಳು ಕೆಲಸದಲ್ಲಿರುವಾಗ. ಈಗ ಉಳಿದಿರುವ ಅಡಿಂಕ್ರ ಬಟ್ಟೆಗಳಲ್ಲಿ ಅತಿ ಹಳೆಯದನ್ನು 1817ರಲ್ಲಿ ಅಸಾಂಟೆ ರಾಜಧಾನಿ ಕುಮಾಸಿಗೆ ಹೋದ ಬ್ರಿಟಿಷ್ ನಿಯೋಗದ ಬೌಡಿಚ್ ಎಂಬಾತ ಪಡೆದುಕೊಂಡನು. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ನಮ್ಮ ನಕ್ಷತ್ರ ಅದರಲ್ಲೂ ಇದೆ. ಏಳು ವರ್ಷಗಳ ನಂತರ, 1824ರ ಜನವರಿಯಲ್ಲಿ, ಅಸಾಂಟೆ ಸೇನೆಯ ಮೇಲೆ ಏರಿಹೋದ ಬ್ರಿಟಿಷ್ ಗವರ್ನರ್ ಚಾರ್ಲ್ಸ್ ಮೆಕಾರ್ಥಿ ಯುದ್ಧದಲ್ಲಿ ಮಡಿದನು. ಅದೇ 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದನು. ಚೆನ್ನಮ್ಮನ ಕತೆಯನ್ನು ಕೇಳುತ್ತಲೇ ಬೆಳೆದ ಮಕ್ಕಳು ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಬರೆದು ಬಹಳ ಹೊತ್ತು ಪ್ರಶ್ನೆ ಕೇಳಿದರು. 1900ರಲ್ಲಿ ಅಸಾಂಟೆ ಜನರ ಪವಿತ್ರ ರಾಜಪೀಠವಾದ ಚಿನ್ನದ ಪೀಠದ ರಕ್ಷಣೆಗೆ ಯುದ್ಧ ಹೂಡಿದ ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ, ಸೆರೆಯಾಗಿ ಸೆಶೆಲ್ಸ್ ದ್ವೀಪದಲ್ಲಿ 1921ರಲ್ಲಿ ತೀರಿಕೊಂಡದ್ದನ್ನೂ, 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾದದ್ದನ್ನೂ ಆ ಸಾಲಿಗೇ ಸೇರಿಸಿದೆವು. ಯಲ್ಲಾಪುರದ ಕಡೆಯ ಸಿದ್ದಿ ಜನರು ಘಾನಾದಿಂದ ಬಂದವರೇ ಎಂದು ಮಗಳು ಕೇಳಿದಳು. ಅವರ ಪೂರ್ವಜರು ಬಹುಪಾಲು ಆಫ್ರಿಕಾದ ಪೂರ್ವ ಮತ್ತು ಆಗ್ನೇಯ ಭಾಗದವರೆಂದು ನಕಾಶೆಯಲ್ಲಿ ತೋರಿಸಿದೆ; ಆಫ್ರಿಕಾವನ್ನು ಒಂದೇ ನಾಡೆಂದು ಕಲಿಸಬಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿರಲಿಲ್ಲ.

ಹಂತ 6: ಜೋಡಣೆ

ಪಟ್ಟಿಗಳನ್ನು ಸೇರಿಸುವ ಬಣ್ಣಬಣ್ಣದ ಕೈಹೊಲಿಗೆಗೆ ನ್ವೊಮು ಎಂದು ಹೆಸರು. ಕೆಂಪು, ಹಳದಿ, ಹಸಿರು, ಕಪ್ಪು ಕಸೂತಿ ದಾರದ ಲಚ್ಚಿಗಳನ್ನು ತಂದು, ಎರಡೂ ಅಂಚುಗಳನ್ನು ಮಡಚಿ ಜೋಡಿಸಿ, 5 ಸೆಂ.ಮೀ.ಗೊಮ್ಮೆ ಬಣ್ಣ ಬದಲಿಸುತ್ತ ಒತ್ತೊತ್ತಾಗಿ ಹೊಲಿದೆವು. ಈ ಭಾಗವನ್ನು ಹೆಚ್ಚಾಗಿ ಮುಗಿಸಿದವರು ಅತ್ತೆಯವರು; ಕೌದಿ ಹೊಲಿದು ಪಳಗಿದ ಅವರ ಕೈಯ ಹೊಲಿಗೆ ಮಕ್ಕಳ ಹೊಲಿಗೆಯ ಪಕ್ಕದಲ್ಲಿ ಬೇರೆಯೇ ಆಗಿ ಕಾಣುತ್ತದೆ, ಅದನ್ನು ಹಾಗೆಯೇ ಬಿಟ್ಟಿದ್ದೇವೆ.

ಖರ್ಚು ಮತ್ತು ಬಳಕೆ

ಖಾದಿ ₹440, ಲಿನೋ ಕಟ್ಟರ್ ₹280, ಕಸೂತಿ ದಾರ ₹120, ತಂಬೂರಿ ಬುರುಡೆಯ ಚೂರು ₹100, ಜಾಲಿ ಗೋಂದು ₹80, ತೊಗಟೆ ₹60, ಕೆಲಸಕ್ಕೆ ಬಾರದ ತೆಳು ಬುರುಡೆ ₹50, ಬಿದಿರು ₹30, ಬೆಲ್ಲ ₹10, ಒಟ್ಟು ₹1,170. ಉಳಿದ ಸಾಮಾನೆಲ್ಲ ಮನೆಯಲ್ಲಿದ್ದುದೇ.

ಒತ್ತಿದ ಪರೀಕ್ಷಾ ಚೂರನ್ನು ಎರಡು ದಿನ ಒಣಗಿಸಿ ತಣ್ಣೀರಿನಲ್ಲಿ ಜಾಲಿಸಿದಾಗ ಮೇಲಿನ ಗೋಂದು ಬಿಟ್ಟು, ಗಾಢ ಬೂದುಗಪ್ಪು ಉಳಿಯಿತು; ನಿಂಬೆರಸ ತಗಲಿದಲ್ಲಿ ಕಲೆಯೇ ಮಾಯವಾಯಿತು. ಘಾನಾದಲ್ಲೂ ಈ ತೊಗಟೆ ಬಣ್ಣದ ಬಟ್ಟೆಯನ್ನು ಒಗೆಯುವ ವಾಡಿಕೆ ಇರಲಿಲ್ಲ. ಆದ್ದರಿಂದ ಇದನ್ನು ಹೊದೆಯಲು ಕೊಡದೆ, ನೇರ ಬಿಸಿಲು ಬೀಳದ ಗೋಡೆಗೆ ಮೇಲಂಚಿನಲ್ಲಿ ಬಿದಿರ ಕೋಲು ಪೋಣಿಸಿ ತೂಗುಹಾಕಿದ್ದೇವೆ. ಮಿಕ್ಕ ಬಣ್ಣವನ್ನು ಹೊರಗಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ. ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುವುದಾದರೆ ಮೇಲೆ ಹೆಸರು ಬರೆದು, ಅಡುಗೆಯ ಪದಾರ್ಥಗಳಿಂದ ದೂರವಿಟ್ಟು, ಎರಡು ವಾರದೊಳಗೆ ಬಳಸಿ ಮುಗಿಸಬೇಕು. ಕಬ್ಬಿಣದ ನೀರು ಮಾತ್ರ ಮಡಕೆಯಲ್ಲಿ ಹಾಗೆಯೇ ಉಳಿಯುತ್ತದೆ, ಕಡಿಮೆಯಾದಾಗ ಬೆಲ್ಲದ ನೀರು ಸೇರಿಸುತ್ತ ಹೋದರೆ ಸಾಕು.